ಬಾಯಲ್ಲಿ ಬರುವ ಉತ್ತರ ಕಾಗದಕ್ಕೇಕೆ ಇಳಿಯುವುದಿಲ್ಲ?

ದಾವಣಗೆರೆ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಆರನೇ ತರಗತಿಗೆ ಅಲ್ಲಿ 80 ಮಕ್ಕಳಿಗೆ ಜಾಗ. ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಯ ಮಕ್ಕಳಿಗೇ ಮೀಸಲು. ಐದನೇ ತರಗತಿಯಲ್ಲಿರುವಾಗ ಬರೆಯುವ ಪ್ರವೇಶ ಪರೀಕ್ಷೆ ಎರಡು ಗಂಟೆಯದು: 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವು, ಉಳಿದವು ಅಂಕಗಣಿತ ಮತ್ತು ಭಾಷೆಗೆ ಸೇರಿದವು. ಆರನೇ ತರಗತಿಯ ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಹುಷಾರಿಲ್ಲದಿದ್ದರೂ, ಉತ್ತರ ಪತ್ರಿಕೆಯಲ್ಲಿ ಒಂದು ಸುತ್ತು ತಪ್ಪಿ ಪಕ್ಕದ ಸಾಲು ತುಂಬಿದ್ದರೂ, ಗಾಬರಿಯಲ್ಲಿ ಅರ್ಧಕ್ಕೇ ನಿಂತಿದ್ದರೂ ಮುಂದಿನ ವರ್ಷ ಮತ್ತೆ ಕೂರುವಂತಿಲ್ಲ.

ಹಾಗಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಅನೇಕ ಮನೆಗಳಲ್ಲಿ ನಾಲ್ಕನೇ ತರಗತಿಯಿಂದಲೇ ನವೋದಯದ ಮಾತು, ಅದು ತಪ್ಪಿದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಮಾತು. ಬಡ ಕುಟುಂಬಕ್ಕೆ ಇವೆರಡೂ ನಿಜವಾದ ಬಾಗಿಲುಗಳು. ಅವುಗಳಿಗಾಗಿ ಆಸೆಪಡುವುದರಲ್ಲಿ ತಪ್ಪೇನೂ ಇಲ್ಲ. ತೊಂದರೆ ಬರುವುದು ಫಲಿತಾಂಶ ಬಂದ ಮೇಲೆ. ಅದುವರೆಗೆ ಊರಿಗೆಲ್ಲ ಚೂಟಿಯಾಗಿದ್ದ ಹತ್ತು ವರ್ಷದ ಮಗು ಒಂದೇ ದಿನದಲ್ಲಿ ದಡ್ಡ ಆಗಿಬಿಡುತ್ತದೆ. ತಾಯಿಯೊಬ್ಬಳು ಮೇಷ್ಟ್ರ ಮುಂದೆ ನಿಂತು ಹೇಳುವ ಮಾತು ಈ ಸೀಮೆಯಲ್ಲಿ ಹೊಸದಲ್ಲ: "ಬಾಯಾಗ ಎಲ್ಲಾ ಹೇಳ್ತಾನ್ರಿ, ಪರೀಕ್ಷೆಗೆ ಕೂತ್ರೆ ಬರ್ಯಾಕೆ ಬರಲ್ಲ." ಆ ಮಾತನ್ನು ಸಾಮಾನ್ಯವಾಗಿ ತಾಯಿಯ ಮಮತೆ ಎಂದು ಪಕ್ಕಕ್ಕಿಡುತ್ತಾರೆ. ಆದರೆ ಅದು ಅತ್ಯಂತ ಉಪಯುಕ್ತವಾದ ಮಾಹಿತಿ. ಗೊತ್ತಿರುವುದಕ್ಕೂ ಕಾಗದದ ಮೇಲೆ ಬೀಳುವುದಕ್ಕೂ ನಡುವೆ ಎಲ್ಲೋ ಏನೋ ಸಿಕ್ಕಿಕೊಂಡಿದೆ ಎಂದು ಆ ತಾಯಿ ಹೇಳುತ್ತಿದ್ದಾಳೆ. ಎಲ್ಲಿ ಎಂದು ಪತ್ತೆ ಹಚ್ಚುವುದೇ ಮೊದಲ ಕೆಲಸ. ಟ್ಯೂಷನ್, ಕೋಚಿಂಗ್, ಬೈಗುಳ ಯಾವುದೂ ಆ ಕೆಲಸ ಮಾಡುವುದಿಲ್ಲ.

ಇಂಥ ಮಗುವನ್ನು ವೈದ್ಯರು ಮೊದಲು ದಾಖಲಿಸಿದ್ದು 1896ರಲ್ಲಿ. ಇಂಗ್ಲೆಂಡಿನ ಡಾ. ಪ್ರಿಂಗಲ್ ಮಾರ್ಗನ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ವಿಷಯ ಬರೆದರು. ಹುಡುಗ ಚುರುಕು, ಆಟದಲ್ಲಿ ಮುಂದು, ಲೆಕ್ಕ ಬರುತ್ತಿತ್ತು. ಆದರೆ ವರ್ಷಗಟ್ಟಲೆ ಕಲಿಸಿದರೂ ಸಣ್ಣ ಸಣ್ಣ ಪದಗಳನ್ನೂ ಓದಲಾರ. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಮೊದಲಿಗನಾಗುತ್ತಿದ್ದ ಎಂದು ಅವನ ಮೇಷ್ಟ್ರ ಅಭಿಪ್ರಾಯ. ಇಂದು ಡಿಸ್‌ಲೆಕ್ಸಿಯಾ ಎನ್ನುವ ಕಲಿಕಾ ನ್ಯೂನತೆಯ ಚರಿತ್ರೆ ಶುರುವಾಗುವುದು ಆ ಮೇಷ್ಟ್ರಿಂದ ಎನ್ನಬೇಕು. ಬಾಯಲ್ಲಿ ಕೇಳಿ ನೋಡಿದ್ದು ಅವರು.

ಕನ್ನಡ ಬರೆದಂತೆ ಓದುವ ಭಾಷೆ, ಆದ್ದರಿಂದ ಇಲ್ಲಿ ಆ ತೊಂದರೆ ಇರಲಾರದು ಎಂಬ ನಂಬಿಕೆ ಬಹಳ ಕಾಲ ಇತ್ತು. ಸಂಶೋಧನೆ ಬೇರೆ ಹೇಳುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದ ಮುಖ್ಯ ಅಂಶ ಇದು: ವರ್ಣಮಾಲೆ ಒಂದನೇ ತರಗತಿಯಲ್ಲೇ ಬಾಯಿಗೆ ಬಂದರೂ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಅಕ್ಷರಜ್ಞಾನ ಪೂರ್ತಿ ಕೈಗೂಡಲು ನಾಲ್ಕನೇ ತರಗತಿಯವರೆಗೂ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕು. 26 ಅಕ್ಷರ ಕಲಿತು ಮುಗಿಸುವ ಲಿಪಿಯಲ್ಲ ಇದು. ಮಗು ಗುರುತಿಸಬೇಕಾದ ಅಕ್ಷರರೂಪಗಳು ನೂರಾರು. 'ಸೂರ್ಯ' ಎಂಬ ಪದವನ್ನೇ ನೋಡಿ. ರಕಾರದ ಉಚ್ಚಾರ ಮೊದಲು, ಬರೆಯುವಾಗ ಅರ್ಕಾವತ್ತು ಆಮೇಲೆ. ಕಿವಿಗೆ ಕೇಳುವ ಕ್ರಮ ಒಂದು, ಕೈ ಬರೆಯುವ ಕ್ರಮ ಇನ್ನೊಂದು. ಬಹುತೇಕ ಮಕ್ಕಳು ಅಭ್ಯಾಸದಿಂದ ದಾಟುತ್ತಾರೆ. ಕೆಲವರು ಅಲ್ಲೇ ನಿಲ್ಲುತ್ತಾರೆ, ಎಷ್ಟೇ ಬುದ್ಧಿವಂತರಾಗಿದ್ದರೂ.

ನಾಲ್ಕನೇ ತರಗತಿ ಇನ್ನೊಂದು ಕಾರಣಕ್ಕೂ ಮುಖ್ಯ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಮೊದಲಾದ ನಲಿ-ಕಲಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಅದರಲ್ಲಿ ಮಗು ಕಲಿಕಾ ಏಣಿಯ ಮೇಲೆ ತನ್ನದೇ ವೇಗದಲ್ಲಿ ಮೈಲುಗಲ್ಲಿನಿಂದ ಮೈಲುಗಲ್ಲಿಗೆ ಹೋಗುತ್ತದೆ. ಕಾರ್ಡು, ಹಾಡು, ಗುಂಪು ಗುಂಪಾಗಿ ಕೂತು ಕೆಲಸ. ಕಲಿತಿದೆಯೋ ಇಲ್ಲವೋ ಎಂದು ಪಕ್ಕದಲ್ಲೇ ಕೂತ ಶಿಕ್ಷಕಿಗೆ ಗೊತ್ತು. ಮೂರು ಮುಗಿಸಿ ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಸಾಲು ಬೆಂಚು, ಪಠ್ಯಪುಸ್ತಕ, ಎಫ್.ಎ. (ರೂಪಣಾತ್ಮಕ), ಎಸ್.ಎ. (ಸಂಕಲನಾತ್ಮಕ) ಪರೀಕ್ಷೆ. ಏಣಿಯಲ್ಲಿ ನಿಧಾನವಾಗಿಯಾದರೂ ಸರಿಯಾಗಿ ಹತ್ತುತ್ತಿದ್ದ ಮಗುವಿಗೆ ಇಲ್ಲಿ ಗಂಟೆ ಹೊಡೆದ ಕೂಡಲೇ ಕಾಗದ ಕಿತ್ತುಕೊಳ್ಳುತ್ತಾರೆ. ನಾಲ್ಕನೇ ತರಗತಿಯಲ್ಲಿ 'ಇದ್ದಕ್ಕಿದ್ದಂತೆ ಹಿಂದೆ ಬಿದ್ದ' ಎನ್ನುವ ಎಷ್ಟೋ ಮಕ್ಕಳು ಹಿಂದೆ ಬಿದ್ದವರಲ್ಲ. ಅಳೆಯುವ ರೀತಿ ಬದಲಾಯಿತು, ಅಷ್ಟೆ. ಶಿಕ್ಷಕರ ಸಭೆಗಳಲ್ಲಿ ಈ ಜಿಗಿತದ ಬಗ್ಗೆ ಇನ್ನೂ ಹೆಚ್ಚು ಚರ್ಚೆಯಾಗಬೇಕು.

ಮೇಲೆ ಹೇಳಿದ ನಾಲ್ಕೂ ತಾಲ್ಲೂಕುಗಳು ಒಂದೇ ಜಿಲ್ಲೆಯವಾದರೂ ಮಕ್ಕಳ ಕಥೆ ಒಂದೇ ಅಲ್ಲ. 1997ರ ಆಗಸ್ಟ್ 15ರಂದು ಜೆ.ಎಚ್. ಪಟೇಲರ ಕಾಲದಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿ ತಾಲ್ಲೂಕಾದದ್ದು ಈಚೆಗೆ. ಚನ್ನಗಿರಿಯಲ್ಲಿ ಅಡಿಕೆಯ ದುಡ್ಡು ಇದೆ. ಬೆಳಗ್ಗೆ ಹಳ್ಳಿಹಳ್ಳಿಗೂ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಬರುತ್ತದೆ. ಅಲ್ಲಿ ಮಗು ಮನೆಯಲ್ಲೂ ಬೀದಿಯಲ್ಲೂ ಆಡದ ಭಾಷೆಯಲ್ಲಿ ಪರಿಸರ ವಿಜ್ಞಾನದ ಪ್ರಶ್ನೆಗೆ ಉತ್ತರ ಬರೆಯಬೇಕು. ಗಿಡದ ಬೇರು ಏನು ಮಾಡುತ್ತದೆ ಎಂದು ತೋಟದಲ್ಲಿ ನಿಂತು ವಿವರಿಸಬಲ್ಲ ಹುಡುಗಿ ಆ ಎರಡು ಸಾಲನ್ನು ಕಂಠಪಾಠ ಮಾಡದೆ ಬರೆಯಲಾರಳು. ಮಳೆ ಕೈಕೊಡುವ ಜಗಳೂರಿನಲ್ಲಿ ಅಪ್ಪ-ಅಮ್ಮ ಗುಳೆ ಹೋದ ತಿಂಗಳುಗಳಲ್ಲಿ ಮಗುವಿನ ಹಾಜರಿ ಹರಿದುಹೋಗುತ್ತದೆ. ಪರೀಕ್ಷೆಯಲ್ಲಿ ಬಿಟ್ಟ ಪ್ರಶ್ನೆಗಳು ಅದು ಬಿಟ್ಟ ಪಾಠಗಳೇ.

ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಆ ಸುತ್ತಿನ ತಾಂಡಾಗಳ ಮಕ್ಕಳ ಮನೆಮಾತು ಲಂಬಾಣಿ. ಅವರಿಗೆ ಒಂದನೇ ತರಗತಿಯ ಕನ್ನಡವೇ ಎರಡನೇ ಭಾಷೆ, ಇಂಗ್ಲಿಷ್ ಮೂರನೆಯದು. ಪಠ್ಯದ ಕನ್ನಡವಂತೂ ಕನ್ನಡದ ಮನೆಯ ಮಕ್ಕಳಿಗೂ ದೂರವೇ: ಮನೆಯಲ್ಲಿ 'ಕಳೆಯೋದು', ಪುಸ್ತಕದಲ್ಲಿ 'ವ್ಯವಕಲನ'. 'ಹೊಂದಿಸಿ ಬರೆಯಿರಿ', 'ಗುಂಪಿಗೆ ಸೇರದ ಪದ ಗುರುತಿಸಿರಿ', 'ಸೂಚನೆಯಂತೆ ಉತ್ತರಿಸಿರಿ' ಎಂಬ ಆಜ್ಞೆಗಳೇ ಅರ್ಥವಾಗದೆ ಉತ್ತರ ಗೊತ್ತಿರುವ ಮಗು ಸುಮ್ಮನೆ ಕೂತದ್ದನ್ನು ತಾಳ್ಮೆಯಿಂದ ಗಮನಿಸಿದ ಯಾವ ಶಿಕ್ಷಕರಾದರೂ ಬಲ್ಲರು. ಪ್ರಶ್ನೆಯನ್ನು ಒಮ್ಮೆ ಲಂಬಾಣಿಯಲ್ಲೋ ಉರ್ದುವಿನಲ್ಲೋ ಹೇಳಿ ನೋಡಿದರೆ ಸಾಕು, ಕೊರತೆ ವಿಷಯದ್ದೋ ಭಾಷೆಯದ್ದೋ ಎಂಬುದು ಆ ನಿಮಿಷವೇ ತಿಳಿಯುತ್ತದೆ.

ಲೆಕ್ಕದ ಮಾತು ಇನ್ನೂ ಸೋಜಿಗದ್ದು. 1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಟೆರೆಜಿನ್ಯಾ ಕರಾಹೆರ್ ಮತ್ತು ಜೊತೆಗಾರರು ಬೀದಿ ವ್ಯಾಪಾರಕ್ಕೆ ನಿಂತ ಐವರು ಮಕ್ಕಳನ್ನು ಗಿರಾಕಿಗಳಂತೆ ಹೋಗಿ ಮಾತಾಡಿಸಿದರು. ತೆಂಗಿನಕಾಯಿ ಇಷ್ಟಕ್ಕೆ ಎಷ್ಟು, ಚಿಲ್ಲರೆ ಎಷ್ಟು ಎಂದು ಕೇಳಿದಾಗ ನೂರಕ್ಕೆ 98 ಉತ್ತರ ಸರಿ. ಅದೇ ಲೆಕ್ಕಗಳನ್ನು ಆಮೇಲೆ ಕಾಗದದ ಮೇಲೆ ಬರೀ ಸಂಖ್ಯೆಗಳಾಗಿ ಕೊಟ್ಟರೆ ಸರಿಯಾದದ್ದು ನೂರಕ್ಕೆ 37ರಷ್ಟು. 35ರ ದರದ ನಾಲ್ಕು ಕಾಯಿಗೆ ಮನಸ್ಸಿನಲ್ಲೇ 140 ಎಂದ ಹುಡುಗ ಕಾಗದದಲ್ಲಿ 35ನ್ನು 4ರಿಂದ ಗುಣಿಸಿ 200 ಎಂದು ಬರೆದ. ದಶಕದ ಎರಡನ್ನು ಮೊದಲೇ ಮೂರಕ್ಕೆ ಕೂಡಿ ಆಮೇಲೆ ಗುಣಿಸಿದ್ದ. 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳಲ್ಲೂ ಇದನ್ನೇ ಕಂಡರು. ತಿರುಗಿಸಿ ನೋಡಿದರೆ ಶಾಲೆಯ ಲೆಕ್ಕ ಬಲ್ಲ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು. ಹೊನ್ನಾಳಿಯ ಸಂತೆಯಲ್ಲಿ ಅಪ್ಪನ ಪಕ್ಕ ಕೂತು ಈರುಳ್ಳಿ ತೂಗುವ ಹುಡುಗನಿಗೆ ಗಣಿತ ಬರುವುದಿಲ್ಲ ಎಂದು ಅಂಕಪಟ್ಟಿ ಹೇಳಿದರೆ ಸಂತೆಯ ಲೆಕ್ಕವನ್ನೇ ಹಲಗೆಯ ಮೇಲೆ ಬರೆಸುವುದರಿಂದ ಶುರುಮಾಡಬೇಕು. ರೆಸಿಫೆಯ ಹುಡುಗನ ಮನಸ್ಸು ಮೂರು ಕಾಯಿಯ 105ಕ್ಕೆ ಇನ್ನೊಂದರ 35 ಕೂಡಿತು. ಅಂಥ ಲೆಕ್ಕವನ್ನೇ ಸಾಲಾಗಿ ಬರೆಯಿಸಿ, ಆಮೇಲೆ ಗುಣಾಕಾರದ ಕ್ರಮ ಅದೇ ಕೆಲಸವನ್ನು ಹೇಗೆ ಬೇಗ ಮಾಡುತ್ತದೆ ಎಂದು ತೋರಿಸಬೇಕು. ಅಕ್ಷರ ಫೌಂಡೇಶನ್ ಜೊತೆ ಸರ್ಕಾರ ನಡೆಸಿದ ಗಣಿತ ಕಲಿಕಾ ಆಂದೋಲನದ ಕಿಟ್‌ಗಳು ಹಲವು ಶಾಲೆಗಳ ಬೀರುವಿನಲ್ಲಿವೆ. ಮಣಿ, ಕೋಲು, ನಾಣ್ಯಗಳ ಆ ಪೆಟ್ಟಿಗೆ ಇರುವುದೇ ಈ ಸೇತುವೆಗೆ.

ಕಣ್ಣು, ಕಿವಿ ಮೊದಲು ನೋಡಬೇಕು ಎಂಬುದು ಎಲ್ಲರಿಗೂ ಗೊತ್ತು, ಯಾರೂ ನೋಡುವುದಿಲ್ಲ. ಬೋರ್ಡಿನಿಂದ ತಪ್ಪಾಗಿ ಇಳಿಸಿಕೊಳ್ಳುವ, ಪುಸ್ತಕ ಮುಖದ ಹತ್ತಿರ ಹಿಡಿಯುವ, ಉಕ್ತಲೇಖನದಲ್ಲಿ ಮಾತ್ರ ಎಡವುವ ಮಗುವಿಗೆ ಕನ್ನಡಕವೋ ಕಿವಿಯ ಚಿಕಿತ್ಸೆಯೋ ಸಾಕಾಗಬಹುದು. 2013ರಲ್ಲಿ ಮೊದಲಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಬರಬೇಕು. ಅವರ ಪಟ್ಟಿಯಲ್ಲಿ ದೃಷ್ಟಿ, ಶ್ರವಣ, ರಕ್ತಹೀನತೆಯ ಜೊತೆಗೆ ಕಲಿಕೆಯ ತೊಂದರೆ, ಗಮನದ ತೊಂದರೆಗಳೂ ಇವೆ. ತಂಡ ಬಂದ ದಿನ ಶಿಕ್ಷಕಿ ಒಂದೆರಡು ಹೆಸರನ್ನು ತಾನೇ ಮುಂದೆ ತಂದು, "ಈ ಮಗು ಚುರುಕಾಗಿದೆ, ಬರೆಯುವುದು ಆಗುತ್ತಿಲ್ಲ" ಎಂದು ಹೇಳಿದರೆ ಆ ಭೇಟಿಗೆ ಬೆಲೆ ಬರುತ್ತದೆ.

ವಯಸ್ಸೂ ಒಂದು ಕಾರಣ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ಪೋಷಕರ ಒತ್ತಾಯಕ್ಕೆ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಆರೇಳು ವರ್ಷದವರ ನಡುವೆ ಹತ್ತು ತಿಂಗಳು ಸಣ್ಣ ಅಂತರವಲ್ಲ. ತರಗತಿಯ ಅತಿ ಚಿಕ್ಕ ಮಗು ಚಡಪಡಿಸಿದರೆ ಅದು ಕಾಯಿಲೆಯಾಗಿರಬೇಕಿಲ್ಲ.

ಇನ್ನು ಭಯ. ಬುದ್ಧಿವಂತ ಮಗುವಿಗೆ ಭಯವಿರುವುದಿಲ್ಲ ಎಂದು ಹಿರಿಯರು ಭಾವಿಸುತ್ತಾರೆ. ಅಮೆರಿಕದ ಜೆರಾರ್ಡೊ ರಮಿರೆಜ್, ಸಯಾನ್ ಬೈಲಾಕ್ ಮತ್ತಿತರರು 2013ರಲ್ಲಿ ಒಂದು, ಎರಡನೇ ತರಗತಿಯ ಮಕ್ಕಳಲ್ಲಿ ಕಂಡದ್ದು ಇದಕ್ಕೆ ವಿರುದ್ಧ. ಗಣಿತದ ಆತಂಕದ ಪೆಟ್ಟು ಹೆಚ್ಚು ಕಾಣಿಸಿದ್ದು ಒಂದೇ ಹೊತ್ತಿಗೆ ಹಲವು ವಿಷಯಗಳನ್ನು ಮನಸ್ಸಿನಲ್ಲಿ ಹಿಡಿದಿಡಬಲ್ಲ ಚುರುಕು ಮಕ್ಕಳಲ್ಲಿ. ಅವರು ಲೆಕ್ಕ ಬಿಡಿಸುವುದೇ ಆ ಶಕ್ತಿಯ ಮೇಲೆ. ಆತಂಕ ಮೊದಲು ತಿನ್ನುವುದೂ ಅದನ್ನೇ. ಬೈಲಾಕ್ ಅವರೂ ಸೇರಿದ್ದ 2015ರ ಇನ್ನೊಂದು ಅಧ್ಯಯನ ಮನೆಯತ್ತ ಬೆರಳು ತೋರಿಸಿತು: ಲೆಕ್ಕವೆಂದರೆ ತಾವೇ ಹೆದರುವ ತಂದೆತಾಯಿಗಳು ಮೇಲಿಂದ ಮೇಲೆ ಮನೆಲೆಕ್ಕಕ್ಕೆ ಕೂತರೆ ಮಗು ಆ ವರ್ಷ ಕಲಿಯುವುದು ಕಡಿಮೆ, ಹೆದರುವುದು ಹೆಚ್ಚು. ಅಂಥ ಮನೆಗಳಲ್ಲಿ ಪಕ್ಕದ ಮನೆಯ ಪಿಯುಸಿ ಓದುವ ಅಕ್ಕನಿಗೆ ಆ ಕೆಲಸ ಬಿಟ್ಟುಕೊಡುವುದೇ ಒಳ್ಳೆಯದು.

ಭಯಕ್ಕೆ ಜಾತಿಯ ಬೇರೂ ಇದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಆರು-ಏಳನೇ ತರಗತಿಯ ಹುಡುಗರಿಗೆ ಚಕ್ರವ್ಯೂಹದಂಥ ಒಗಟಿನ ಚಿತ್ರಗಳನ್ನು ಬಿಡಿಸಲು ಕೊಟ್ಟರು. ಯಾರು ಯಾವ ಜಾತಿ ಎಂದು ಹೇಳದಿದ್ದಾಗ ಎಲ್ಲರೂ ಸರಿಸಮ. ಹೆಸರಿನ ಜೊತೆ ಜಾತಿಯನ್ನೂ ಎಲ್ಲರೆದುರು ಕೂಗಿ ಹೇಳಿದಾಗ ಕೆಳಜಾತಿ ಎನಿಸಿಕೊಂಡ ಹುಡುಗರ ಸಾಧನೆ ಕುಸಿಯಿತು. ಬುದ್ಧಿ ಅದೇ, ಒಗಟು ಅದೇ. ವಿದ್ಯಾರ್ಥಿವೇತನದ ಪಟ್ಟಿಗೆಂದು ಪರೀಕ್ಷೆಯ ಬೆಳಗ್ಗೆಯೇ ಮಕ್ಕಳನ್ನು ಜಾತಿವಾರು ನಿಲ್ಲಿಸುವ ಶಾಲೆ ಇದ್ದರೆ ಅದನ್ನು ಇಂದೇ ನಿಲ್ಲಿಸಬೇಕು.

ಹಾಗಾದರೆ ಪರೀಕ್ಷೆಯನ್ನೇ ತೆಗೆದುಹಾಕಬೇಕೆ? ಈ ವಾದ ಕರ್ನಾಟಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. 2023ರಲ್ಲಿ 5 ಮತ್ತು 8ನೇ ತರಗತಿಗೆ, ಮರುವರ್ಷ 9 ಮತ್ತು 11ಕ್ಕೂ ಬೋರ್ಡ್ ಮಟ್ಟದ ಪರೀಕ್ಷೆ ನಡೆಸಲು ಸರ್ಕಾರ ಹೊರಟಾಗ ಹೈಕೋರ್ಟಿನಲ್ಲಿ ಏಕಸದಸ್ಯ ಪೀಠ ಬೇಡವೆಂದಿತು, ವಿಭಾಗೀಯ ಪೀಠ ಆಗಲಿ ಎಂದಿತು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಸಾಲಿನ ಫಲಿತಾಂಶಕ್ಕೆ ತಡೆ ನೀಡಿತು. ಹತ್ತು ವರ್ಷದ ಮಗುವಿಗೆ ಸಾರ್ವಜನಿಕ ಪರೀಕ್ಷೆಯ ಭಾರ ಬೇಡ ಎನ್ನುವವರ ಕಡೆಗೇ ನ್ಯಾಯವಿದೆ. ಆದರೆ ಪರೀಕ್ಷೆ ಎಂಬುದೇ ಕೆಟ್ಟದ್ದು ಎಂಬ ತೀರ್ಮಾನ ಸಲ್ಲದು. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಓದಿಸಿದರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಕೆಲವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದುದನ್ನು ಮೂರು ಸಲ ಬರೆದರು. ವಾರದ ನಂತರ ಓದಿದವರಲ್ಲಿ ಉಳಿದದ್ದು ನೂರಕ್ಕೆ 40 ಪಾಲು, ನೆನಪಿಸಿಕೊಂಡವರಲ್ಲಿ 61. ಅಂಕವಿಲ್ಲದ, ಬೈಗುಳವಿಲ್ಲದ ಸಣ್ಣ ಸಣ್ಣ ಪರೀಕ್ಷೆ ಕಲಿಕೆಯೇ ಹೌದು. ರಾತ್ರಿ ಊಟಕ್ಕೆ ಕೂತಾಗ "ಇವತ್ತಿನ ಪಾಠ ಪುಸ್ತಕ ನೋಡದೆ ಹೇಳು ಮಗಾ" ಎಂದು ಓದು ಬರದ ಅಜ್ಜಿಯೂ ಕೇಳಬಹುದು. ಉತ್ತರ ಸರಿಯೋ ತಪ್ಪೋ ಅಜ್ಜಿಗೆ ಗೊತ್ತಾಗಬೇಕಿಲ್ಲ. ತಾನು ಎಲ್ಲಿ ತಡವರಿಸಿದೆ ಎಂದು ಮಗುವಿಗೆ ಗೊತ್ತಾಗುತ್ತದೆ.

ಹೊಗಳಿಕೆಯಲ್ಲೂ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳಲ್ಲಿ 'ನೀನು ಬಹಳ ಜಾಣ' ಎನಿಸಿಕೊಂಡವರು ಮುಂದೆ ಸುಲಭದ ಒಗಟನ್ನೇ ಆರಿಸಿಕೊಂಡರು, ಒಮ್ಮೆ ಸೋತ ಮೇಲೆ ಹಿಂದೆ ಸರಿದರು. 'ಕಷ್ಟಪಟ್ಟು ಮಾಡಿದೆ' ಎನಿಸಿಕೊಂಡವರು ಕಷ್ಟದ್ದಕ್ಕೆ ಕೈ ಹಾಕಿದರು. ಜಾಣ ಎಂಬ ಬಿರುದು ಕಳೆದುಕೊಳ್ಳುವ ಹೆದರಿಕೆಯಿಂದಲೇ ಉತ್ತರ ಬರೆಯದೆ ಖಾಲಿ ಬಿಡುವ ಮಕ್ಕಳಿದ್ದಾರೆ.

ಇಷ್ಟೆಲ್ಲ ನೋಡಿಯೂ ಓದು-ಬರಹದ ಗಂಟು ಬಿಚ್ಚದಿದ್ದರೆ ತಜ್ಞರ ತಪಾಸಣೆ ಬೇಕು. ಬುದ್ಧಿ ಪರೀಕ್ಷೆ ಎಂದೊಡನೆ ಪೋಷಕರು ಬೆಚ್ಚುತ್ತಾರೆ, ಅದರ ಮೂಲ ನೆನಪಿಸಿದರೆ ಆ ಅಂಜಿಕೆ ತಗ್ಗಬಹುದು. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ತಮ್ಮ ಮಾಪನ ಸಿದ್ಧಪಡಿಸಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಯಾರಿಗೆ ಬೇಕೆಂದು ಗುರುತಿಸಲು; ಬುದ್ಧಿ ಬದಲಾಗದ್ದು ಎಂಬ ಮಾತನ್ನು ಅವರು ಒಪ್ಪಿರಲಿಲ್ಲ. ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್, ಅವರ ಪುಸ್ತಕ 1940ರಲ್ಲಿ ಬಂತು, ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಕಲಿಕಾ ನ್ಯೂನತೆ ಗುರುತಿಸಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸಮೂಹವನ್ನು ದೇಶದಾದ್ಯಂತ ಬಳಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. 2018ರ ಕೇಂದ್ರ ಮಾರ್ಗಸೂಚಿ ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ, 14ಕ್ಕೂ 18ಕ್ಕೂ ಮರುತಪಾಸಣೆ ಎಂದಿತ್ತು. ಅದೇ ವರ್ಷದ ಇನ್ನೊಂದು ಮಾರ್ಗಸೂಚಿ ಅಂಗವಿಕಲ ಅಭ್ಯರ್ಥಿಗಳಿಗೆ ಲಿಖಿತ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕೆಂದಿತು. ಎಸ್ಸೆಸ್ಸೆಲ್ಸಿಯಲ್ಲೂ ಬರಹಗಾರರ ಸಹಾಯ, ಹೆಚ್ಚುವರಿ ಸಮಯಗಳಿಗೆ ಅವಕಾಶವಿದೆ. ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಇವು ಕೈಗೆ ಸಿಗುವುದಿಲ್ಲ. ಮೂರು-ನಾಲ್ಕನೇ ತರಗತಿಯಲ್ಲೇ ತಪಾಸಣೆಯ ದಾರಿ ಹಿಡಿಯಬೇಕು.

ಆ ದಾರಿ ಎಷ್ಟು ಉದ್ದ ಎಂಬುದೇ ಈ ತಾಲ್ಲೂಕುಗಳ ಸಂಕಟ. ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಬಿ.ಐ.ಇ.ಆರ್.ಟಿ. ಶಿಕ್ಷಕರ ಹುದ್ದೆಗಳಿವೆ, ಆದರೆ ಅವರ ಗಮನ ಸಹಜವಾಗಿ ಹೊರಗೆ ಕಾಣುವ ಅಂಗವೈಕಲ್ಯದ ಮೇಲೆ. ಮಾತಿನಲ್ಲಿ ಚುರುಕಾದ, ಓಡಾಡುವ ಮಗು ಅವರ ಪಟ್ಟಿಗೇ ಬರುವುದಿಲ್ಲ. ಮನೋವಿಜ್ಞಾನಿಯ ಬಳಿ ಹೋಗಬೇಕೆಂದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಇಲ್ಲವೇ ಅದೇ ನಗರದಲ್ಲಿರುವ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಪುನರ್ವಸತಿ ಕೇಂದ್ರ. ಜಗಳೂರಿನ ಒಳಹಳ್ಳಿಯ ಅಥವಾ ನ್ಯಾಮತಿಯ ತಾಂಡಾದ ಕೂಲಿ ತಾಯಿಗೆ ಒಂದು ಭೇಟಿ ಎಂದರೆ ಒಂದು ದಿನದ ಕೂಲಿ ಮತ್ತು ಇಬ್ಬರ ಬಸ್ ಚಾರ್ಜು. ತಪಾಸಣೆ ಒಂದೇ ಭೇಟಿಗೆ ಮುಗಿಯುವುದೂ ಇಲ್ಲ. ಎರಡು ತಿಂಗಳಿಗೊಮ್ಮೆ ಒಬ್ಬ ಮನೋವಿಜ್ಞಾನಿ ಈ ನಾಲ್ಕು ತಾಲ್ಲೂಕು ಕೇಂದ್ರಗಳಿಗೆ ಸರದಿಯಲ್ಲಿ ಬಂದು ಕೂರುವ ವ್ಯವಸ್ಥೆಯಾದರೆ ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನೂ ಬೇಡ. ಜೀಪು, ತಪಾಸಣೆಯ ಪೆಟ್ಟಿಗೆ, ಸಂಪನ್ಮೂಲ ಕೇಂದ್ರದ ಒಂದು ಕೋಣೆ, ಮತ್ತು ಬಾಯಲ್ಲಿ ಹೇಳಬಲ್ಲ ಆದರೆ ಬರೆಯಲಾಗದ ಮಕ್ಕಳ ಹೆಸರನ್ನು ಶಾಲೆಗಳಿಂದ ಜೂನ್‌ನಲ್ಲೇ ತರಿಸಿಕೊಂಡ ಪಟ್ಟಿ ಬೇಕು. ಆ ಪಟ್ಟಿ ಕೇಳುವ ಅಧಿಕಾರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಈಗಲೇ ಇದೆ.